ಕಾವು ಕೂರುವ ಕೋಳಿ: ಹಿತ್ತಲಿನಲ್ಲೇ ಮರಿ ಮಾಡಿಸುವುದು ಹೇಗೆ?

"ಕೋಳಿ ಚೆನ್ನಾಗಿ ಮೊಟ್ಟೆ ಇಡ್ತಿದೆ. ಆದ್ರೆ ಕಾವಿಗೇ ಕೂರ್ತಿಲ್ಲ. ಏನ್ ಮಾಡೋದು?"

ಈಚೆಗೆ ಈ ಪ್ರಶ್ನೆ ಜಾಸ್ತಿ ಕಿವಿಗೆ ಬೀಳುತ್ತಿದೆ. ಊರಿಗೆ ವಾಪಸ್ ಬಂದು ತೋಟ ಮಾಡುತ್ತಿರುವವರು ಕೇಳುತ್ತಾರೆ. ಪೇಟೆ ಅಂಚಿನ ಸೈಟಿನಲ್ಲಿ ನಾಲ್ಕು ಕೋಳಿ ಬಿಟ್ಟುಕೊಂಡವರು ಕೇಳುತ್ತಾರೆ. ಮಕ್ಕಳಿಗೆ ನಾಟಿ ಮೊಟ್ಟೆ ಸಿಗಲಿ ಅಂತ ಶುರು ಮಾಡಿದವರೂ ಕೇಳುತ್ತಾರೆ. ಮೊದಲ ವರ್ಷ ಮೊಟ್ಟೆ ತಿಂದಾಯಿತು. ಎರಡನೇ ವರ್ಷ, ಪ್ರತಿ ಸಲ ಮರಿ ಯಾಕೆ ಕೊಂಡು ತರಬೇಕು, ಮನೆ ಕೋಳಿಯಿಂದಲೇ ಮಾಡಿಸೋಣ ಅನ್ನಿಸುತ್ತದೆ. ಆದರೆ ಕೋಳಿ ಮೊಟ್ಟೆ ಇಟ್ಟು, ಒಂದು ಸಲ ಕೂಗಿ, ಗೂಡಿನ ಕಡೆ ತಿರುಗಿಯೂ ನೋಡದೆ ಹೊರಟುಹೋಗುತ್ತದೆ.

ನಮ್ಮ ಅಜ್ಜಿಯಂದಿರಿಗೆ ಈ ತೊಂದರೆ ಇರಲಿಲ್ಲ. ಅವರ ಕೋಳಿಗಳು ಯಾರೂ ಹೇಳದೆಯೇ ಕೂರುತ್ತಿದ್ದವು. ಹಾಗಾದರೆ ಈಗ ಬದಲಾಗಿದ್ದು ಏನು? ಉತ್ತರದ ಒಂದು ಭಾಗ ಕೋಳಿಯ ಮೈಯೊಳಗಿದೆ. ಇನ್ನೊಂದು ಭಾಗ ನಾವು ಎಂಥ ಕೋಳಿ ತಂದಿದ್ದೇವೆ, ಅದಕ್ಕೆ ಎಂಥ ಜಾಗ ಕೊಟ್ಟಿದ್ದೇವೆ ಅನ್ನುವುದರಲ್ಲಿದೆ.

ಕಾವು ಅಂದರೆ ಬರೀ ಬಿಸಿ ಅಲ್ಲ

ನೀರು ಕಾಯುತ್ತದೆ, ಅಂದರೆ ಬಿಸಿಯಾಗುತ್ತದೆ. ರಾತ್ರಿ ಹೊಲ ಕಾಯುತ್ತೇವೆ, ಅಂದರೆ ಕಾವಲಿರುತ್ತೇವೆ. ಬಸ್ಸಿಗೆ ಕಾಯುತ್ತೇವೆ, ಅಂದರೆ ಬರುವ ತನಕ ಸುಮ್ನೆ ಕೂತಿರುತ್ತೇವೆ. ಮೂರಕ್ಕೂ ಕನ್ನಡದಲ್ಲಿ ಒಂದೇ ಮಾತು. ಕಾವು ಕೂತ ಕೋಳಿ ಈ ಮೂರನ್ನೂ ಒಟ್ಟಿಗೆ ಮಾಡುತ್ತದೆ. ಮೈಶಾಖ ಕೊಟ್ಟು ಮೊಟ್ಟೆಯನ್ನು ಬೆಚ್ಚಗಿಡುತ್ತದೆ, ಹತ್ತಿರ ಬಂದವರನ್ನು ಕುಕ್ಕಿ ಓಡಿಸುತ್ತದೆ, ಹೆಚ್ಚು ಕಡಿಮೆ ಊಟ ಬಿಟ್ಟು 21 ದಿನ ಕಾಯುತ್ತದೆ.

ಯಾಕೆ 21 ದಿನ? ಕೋಳಿಮರಿ ಮೊಟ್ಟೆಯೊಳಗೆ ಪೂರ್ತಿ ಬೆಳೆಯಲು ಬೇಕಾದ ಸಮಯ ಅದು. ಬಾತುಕೋಳಿಗೆ ಸುಮಾರು 28 ದಿನ ಬೇಕು. ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಮೊಟ್ಟೆಗೆ ಬೇಕಾಗಿರುವುದು ಸುಮಾರು 37.5 ಡಿಗ್ರಿ, ನಮ್ಮ ಮೈಬಿಸಿಗಿಂತ ಒಂದು ಚೂರು ಜಾಸ್ತಿ ಅಷ್ಟೆ.

ಇಲ್ಲಿ ಒಂದು ಅನುಮಾನ ಬರಬಹುದು. ಕೋಳಿ ದಿನಕ್ಕೊಂದರಂತೆ ಎರಡು ವಾರ ಮೊಟ್ಟೆ ಇಡುತ್ತದೆ. ಹಾಗಿದ್ದರೂ ಮರಿಗಳೆಲ್ಲ ಹೆಚ್ಚು ಕಡಿಮೆ ಒಂದೇ ದಿನ ಹೊರಬರುವುದು ಹೇಗೆ? ಹುರುಳಿಕಾಳನ್ನು ನೆನಪು ಮಾಡಿಕೊಳ್ಳಿ. ಡಬ್ಬದಲ್ಲಿದ್ದಾಗ ಅದು ಸತ್ತಿರುವುದಿಲ್ಲ, ಮಲಗಿರುತ್ತದೆ. ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದ ದಿನದಿಂದ ಮೊಳಕೆಯ ಲೆಕ್ಕ ಶುರು. ಮೊಟ್ಟೆಯೂ ಹಾಗೆಯೇ. ತಂಪಾಗಿದ್ದಷ್ಟು ದಿನ ಒಳಗಿನ ಜೀವ ನಿದ್ದೆಯಲ್ಲಿರುತ್ತದೆ. ಕಾವು ತಾಗಿದ ದಿನದಿಂದ ಎಲ್ಲ ಮೊಟ್ಟೆಗೂ ಒಟ್ಟಿಗೆ ಗಡಿಯಾರ ಓಡುತ್ತದೆ. ಕಾಡುಕೋಳಿ ಮಾಡುವುದೂ ಇದನ್ನೇ. ತನಗೆ ಬೇಕಾದಷ್ಟು ಮೊಟ್ಟೆ ಇಟ್ಟಾದ ಮೇಲೆಯೇ ಕೂರುತ್ತದೆ. ನಮ್ಮ ಹಿತ್ತಲಿನ ಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ವಂಶದವು.

ಕೋಳಿಗೆ ಕೂರುವ ಮನಸ್ಸು ಎಲ್ಲಿಂದ ಬರುತ್ತದೆ?

ಮೆದುಳಿನ ಕೆಳಗಿರುವ ಪಿಟ್ಯುಟರಿ ಅನ್ನುವ ಸಣ್ಣ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಬರುತ್ತದೆ. ಹಾರ್ಮೋನು ಅಂದರೆ ರಕ್ತದಲ್ಲಿ ಓಡಾಡುವ ಒಂದು ಸಂದೇಶ ಅಂದುಕೊಳ್ಳಿ. ಹೆತ್ತ ತಾಯಂದಿರಲ್ಲಿ ಎದೆಹಾಲು ಉತ್ಪತ್ತಿಯಾಗಲು ಕಾರಣವಾಗುವುದೂ ಇದೇ ಪ್ರೊಲ್ಯಾಕ್ಟಿನ್. ಕೋಳಿಗೆ ಹಾಲಿಲ್ಲ, ಆದರೆ ಇದೇ ಸಂದೇಶ ಅದನ್ನು ಗೂಡಿನಲ್ಲಿ ಕೂರಿಸುತ್ತದೆ.

ಈ ಹಾರ್ಮೋನು ಏರಿದಾಗ ಮೂರು ಬದಲಾವಣೆ ಕಾಣುತ್ತವೆ. ಮೊಟ್ಟೆ ಇಡುವುದು ನಿಲ್ಲುತ್ತದೆ. ಹೊಟ್ಟೆಯ ಕೆಳಭಾಗದ ಪುಕ್ಕ ಉದುರಿ ಚರ್ಮ ಬರಿದಾಗುತ್ತದೆ, ಅಲ್ಲಿಗೆ ರಕ್ತದ ಓಡಾಟ ಜಾಸ್ತಿಯಾಗಿ ಬಿಸಿ ನೇರ ಮೊಟ್ಟೆಗೆ ತಾಗುತ್ತದೆ. ಜೊತೆಗೆ ಕೋಳಿಯ ಸ್ವಭಾವವೇ ಬದಲಾಗುತ್ತದೆ.

ನಮಗೆ ಉಪಯೋಗಕ್ಕೆ ಬರುವ ವಿಷಯ ಮುಂದಿದೆ. ಈ ಹಾರ್ಮೋನು ಏರುವುದಕ್ಕೆ ಹೊರಗಿನಿಂದಲೂ ಒತ್ತಾಸೆ ಬೇಕು. ಗೂಡಿಗೆ ಹೋದಾಗಲೆಲ್ಲ ಹೊಟ್ಟೆಯ ಚರ್ಮಕ್ಕೆ ಮೊಟ್ಟೆಗಳು ತಾಗಬೇಕು. ಒಂದಲ್ಲ, ಒಂದಿಷ್ಟು. ಆ ಸ್ಪರ್ಶ ಮೆದುಳಿಗೆ ಮುಟ್ಟಿ ಪ್ರೊಲ್ಯಾಕ್ಟಿನ್ ಇನ್ನೂ ಏರುತ್ತದೆ, ಏರಿದಷ್ಟೂ ಕೋಳಿ ಗೂಡಿನಲ್ಲಿ ಜಾಸ್ತಿ ಹೊತ್ತು ಕೂರುತ್ತದೆ. ನಾವು ದಿನಾ ಮೊಟ್ಟೆ ಎತ್ತಿಕೊಳ್ಳುತ್ತಾ ಹೋದರೆ ಈ ಸರಪಳಿ ಶುರುವಾಗುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಕೋಳಿ ಕೂರದಿರುವುದಕ್ಕೆ ಕಾರಣ ಇಷ್ಟೇ.

ಯಾವ ಕೋಳಿ ಕೂರುತ್ತದೆ, ಯಾವುದು ಕೂರುವುದಿಲ್ಲ

ಕಾವಿಗೆ ಕೂತ ಕೋಳಿ ಮೊಟ್ಟೆ ಕೊಡುವುದಿಲ್ಲ. ಒಂದು ನಾಟಿ ಹ್ಯಾಟೆಯ, ಅಂದರೆ ಹೆಣ್ಣು ಕೋಳಿಯ, ವರ್ಷದ ಲೆಕ್ಕ ಹಾಕಿ ನೋಡಿ. ಎರಡು ವಾರದಲ್ಲಿ ಹತ್ತರಿಂದ ಹದಿನೈದು ಮೊಟ್ಟೆ. ಆಮೇಲೆ ಮೂರು ವಾರ ಕಾವು. ಆಮೇಲೆ ಒಂದೂವರೆ ಎರಡು ತಿಂಗಳು ಮರಿಗಳ ಹಿಂದೆ ಓಡಾಟ. ಅಲ್ಲಿಗೆ ಮೂರು ತಿಂಗಳು ಕಳೆಯಿತು. ಹೀಗೆ ವರ್ಷಕ್ಕೆ ಮೂರೋ ನಾಲ್ಕೋ ಸುತ್ತು, ಮೊಟ್ಟೆ ಐವತ್ತರ ಆಸುಪಾಸು. ಮೊಟ್ಟೆ ಮಾರುವವರಿಗೆ ಇದು ಸಾಲದು. ಅದಕ್ಕೇ ತಳಿ ಅಭಿವೃದ್ಧಿ ಮಾಡಿದವರು ಕಾವಿಗೆ ಕೂರದ ಕೋಳಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಬಂದರು. ವೈಟ್ ಲೆಗಾರ್ನ್ ಹಾಗೆ ಬಂದ ತಳಿ. ಇವತ್ತಿನ ಫಾರಂ ಕೋಳಿಗಳು ವರ್ಷಕ್ಕೆ 300ರಷ್ಟು ಮೊಟ್ಟೆ ಇಡುತ್ತವೆ, ಕಾವು ಅನ್ನುವುದನ್ನು ಮರೆತೇಬಿಟ್ಟಿವೆ.

ಹಿತ್ತಲಿನಲ್ಲಿ ಸಾಕಲೆಂದೇ ಮಾಡಿದ ಸುಧಾರಿತ ತಳಿಗಳಲ್ಲೂ ಇದೇ ಕಥೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ ನಮ್ಮ ಹಳ್ಳಿಗಳಲ್ಲಿ ಮನೆಮಾತು. ಅದೇ ಕಡೆಯಿಂದ ಬಂದದ್ದು ಸ್ವರ್ಣಧಾರ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದಿಂದ ಬಂದದ್ದು ವನರಾಜ, ಗ್ರಾಮಪ್ರಿಯ. ಇವು ನಾಟಿಗಿಂತ ಬೇಗ ತೂಕ ಬರುತ್ತವೆ, ಮೊಟ್ಟೆಯೂ ಜಾಸ್ತಿ. ಆದರೆ ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ನಿಮ್ಮ ಹತ್ತಿರ ಇರುವುದು ಬರೀ ಇಂಥ ಕೋಳಿಗಳಾದರೆ, ನೀವೇನೋ ತಪ್ಪು ಮಾಡುತ್ತಿದ್ದೀರಿ ಅಂತ ಕೊರಗಬೇಡಿ. ತಪ್ಪು ನಿಮ್ಮದಲ್ಲ, ಕೋಳಿಯದ್ದೂ ಅಲ್ಲ.

ಕೂರುವ ಕೋಳಿ ಬೇಕಾದರೆ ಊರಿನ ನಾಟಿ ಕೋಳಿಯೇ ಸರಿ. ಉತ್ತರ ಕರ್ನಾಟಕದವರು ಜವಾರಿ ಕೋಳಿ ಅನ್ನುತ್ತಾರೆ. ಅಸೀಲ್ ಹ್ಯಾಟೆಗಳೂ ಒಳ್ಳೆಯ ತಾಯಂದಿರು. ಕಡಕನಾಥ್ ಕಾವಿನ ವಿಷಯದಲ್ಲಿ ಅಷ್ಟು ನಂಬಿಕಸ್ತ ಕೋಳಿಯಲ್ಲ. ತಮಗೆ ಬೇಕಾದ ತಳಿಯ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗೆ ಇಟ್ಟು ಮರಿ ಮಾಡಿಸುವವರು ತುಂಬ ಜನ ಇದ್ದಾರೆ. ಕೋಳಿಗೆ ಮೊಟ್ಟೆ ತನ್ನದೇ ಆಗಿರಬೇಕು ಅಂತೇನಿಲ್ಲ. ಬಾತು ಮೊಟ್ಟೆ ಇಟ್ಟರೂ 28 ದಿನ ಕೂರುವ ಹ್ಯಾಟೆಗಳಿವೆ. ಹಾಗಾಗಿ ಹತ್ತು ಗಿರಿರಾಜ ಸಾಕುವವರು ಜೊತೆಗೆ ಎರಡು ಒಳ್ಳೆಯ ನಾಟಿ ಹ್ಯಾಟೆ ಇಟ್ಟುಕೊಂಡರೆ ಸಾಕು.

ಕೊಳ್ಳುವಾಗ ಸಂತೆಯಲ್ಲಿ ಬಣ್ಣ ನೋಡಿ ತರುವುದಕ್ಕಿಂತ, "ಇದರ ತಾಯಿ ಕಾವು ಕೂತಿತ್ತಾ, ಎಷ್ಟು ಮರಿ ಉಳಿಸ್ತು?" ಅಂತ ಊರಲ್ಲೇ ಯಾರನ್ನಾದರೂ ಕೇಳಿ ತರುವುದು ಒಳ್ಳೆಯದು. ಕಾವಿನ ಗುಣ ರಕ್ತದಲ್ಲಿ ಬರುವಂಥದ್ದು.

ಕೂರುವ ಹಾಗೆ ಮಾಡುವುದು

ಬಲವಂತವಾಗಿ ಯಾವ ಕೋಳಿಯನ್ನೂ ಕಾವಿಗೆ ಕೂರಿಸಲು ಆಗುವುದಿಲ್ಲ. ಮೊಟ್ಟೆ ಮೇಲೆ ಇಟ್ಟು ಮಂಕರಿ ಕವುಚಿದರೆ ಕೋಳಿ ಒಳಗೆ ಒದ್ದಾಡಿ ಮೊಟ್ಟೆ ಒಡೆಯುತ್ತದೆ, ಅಷ್ಟೆ. ನಮ್ಮ ಕೈಯಲ್ಲಿರುವುದು ಅದಕ್ಕೆ ಅನುಕೂಲ ಮಾಡಿಕೊಡುವುದು.

ಮೊದಲನೆಯದು ಗೂಡು. ಕೋಳಿಗೆ ಬೇಕಾದದ್ದು ಮಬ್ಬು ಬೆಳಕಿನ, ಜನ ನಾಯಿ ಓಡಾಡದ, ಬೆನ್ನಿಗೆ ಗೋಡೆ ಇರುವ ಮೂಲೆ. ಕಾಡಿನಲ್ಲಿ ಅದು ಪೊದೆಯ ಬುಡ ಹುಡುಕುತ್ತದೆ, ಮನೆಯಲ್ಲಿ ಕಣಜದ ಹಿಂದೆ, ಅಟ್ಟದ ಕೆಳಗೆ. ಒಂದೂಕಾಲು ಅಡಿ ಅಗಲದ ಬಿದಿರು ಮಂಕರಿ ಸಾಕು. ತಳಕ್ಕೆ ನಾಲ್ಕು ಬೆರಳು ಮಣ್ಣೋ ಮರಳೋ ಹಾಕಿ, ಮೇಲೆ ಒಣ ನೆಲ್ಲುಹುಲ್ಲು ಹಾಸಿ, ಮುಷ್ಟಿಯಿಂದ ಒತ್ತಿ ಬಾಣಲೆಯ ಹಾಗೆ ತಗ್ಗು ಮಾಡಿ. ತೀರಾ ಚಪ್ಪಟೆಯಾದರೆ ಮೊಟ್ಟೆ ಅಂಚಿಗೆ ಉರುಳಿ ತಣ್ಣಗಾಗುತ್ತದೆ. ತೀರಾ ಆಳವಾದರೆ ಒಂದರ ಮೇಲೊಂದು ಕೂತು ಒಡೆಯುತ್ತದೆ.

ಎರಡನೆಯದು ಮೊಟ್ಟೆ ಬಿಡುವುದು. ತಾಜಾ ಮೊಟ್ಟೆಯನ್ನು ದಿನಾ ಎತ್ತಿ ಬೇರೆ ಕಡೆ ಜೋಪಾನ ಮಾಡಿ. ಅದರ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ ಹಳೆಯ ಮೊಟ್ಟೆ, ಮರದ ಮೊಟ್ಟೆ, ಇಲ್ಲವೇ ಮೊಟ್ಟೆ ಗಾತ್ರದ ನುಣುಪಾದ ಕಲ್ಲು ಇಡುತ್ತಾ ಬನ್ನಿ. ಐದಾರು ಸೇರುವಷ್ಟರಲ್ಲಿ ಕೂರುವ ಕೋಳಿಯಾದರೆ ವ್ಯತ್ಯಾಸ ಕಾಣುತ್ತದೆ.

ಮೂರನೆಯದು ಕೋಳಿಯ ಮೈ. ಬಡಕಲು ಕೋಳಿ ಕೂರುವುದಿಲ್ಲ, ಕೂತರೂ ನಡುವೆ ಎದ್ದುಬಿಡುತ್ತದೆ. ಮೂರು ವಾರದ ಅರೆ ಉಪವಾಸಕ್ಕೆ ಮೈಯಲ್ಲಿ ಕೊಬ್ಬಿರಬೇಕು. ಮೊದಲ ಸಲ ಮೊಟ್ಟೆ ಇಡುತ್ತಿರುವ ಎಳೆ ಹ್ಯಾಟೆಗಿಂತ ವರ್ಷ ದಾಟಿದ್ದು ವಾಸಿ. ಹಿಂದೆ ಒಮ್ಮೆ ಕೂತು ಮರಿ ಮಾಡಿದ್ದು ಎಲ್ಲಕ್ಕಿಂತ ವಾಸಿ.

ಕಾಲದ ಮಾತು ಹೇಳುವುದಾದರೆ, ನಾಟಿ ಕೋಳಿ ವರ್ಷದ ಯಾವ ತಿಂಗಳಲ್ಲಾದರೂ ಕಾವಿಗೆ ಬರಬಹುದು. ಆದರೆ ಬಯಲುಸೀಮೆಯಲ್ಲಿ ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ ಕೂಡಿಟ್ಟ ಮೊಟ್ಟೆ ಬೇಗ ಕೆಡುತ್ತದೆ. ಜೋರು ಮಳೆಯಲ್ಲಿ ಮರಿ ಉಳಿಯುವುದು ಕಷ್ಟ. ದೀಪಾವಳಿಯಿಂದ ಶಿವರಾತ್ರಿಯ ತನಕ ಕೂರಿಸಿದರೆ ಎರಡೂ ತಾಪತ್ರಯ ಕಡಿಮೆ.

ನಿಜವಾಗಿ ಕಾವಿಗೆ ಬಂದಿದೆಯಾ?

ಹಗಲು ಒಂದು ಗಂಟೆ ಗೂಡಿನಲ್ಲಿ ಕೂತ ಮಾತ್ರಕ್ಕೆ ಕಾವು ಅಲ್ಲ. ಮೊಟ್ಟೆ ಇಡಲು ಕೂಡ ಅಷ್ಟು ಹೊತ್ತು ಬೇಕು. ರಾತ್ರಿ ನೋಡಿ. ಉಳಿದ ಕೋಳಿಗಳೆಲ್ಲ ಅಟ್ಟಣಿಗೆಯ ಕೋಲಿನ ಮೇಲೆ ಮಲಗಿದ್ದಾಗ ಇದೊಂದು ಗೂಡಿನಲ್ಲೇ ಉಳಿದಿದ್ದರೆ ಅರ್ಧ ಖಾತ್ರಿ. ಮೆಲ್ಲಗೆ ಹೊಟ್ಟೆಯ ಕೆಳಗೆ ಕೈ ಹಾಕಿ. ಕಾವಿಗೆ ಬಂದ ಕೋಳಿ ಎದ್ದು ಓಡುವುದಿಲ್ಲ. ಬಿಸಣಿಗೆಯ ಹಾಗೆ ಪುಕ್ಕ ಅಗಲಿಸಿ, ಗಂಟಲಲ್ಲಿ 'ಕೊರ್ರ್' ಅಂದು, ಕೈಗೆ ಕುಕ್ಕುತ್ತದೆ. ಕೈಗೆ ತಾಗುವ ಚರ್ಮ ಬರಿದಾಗಿ ಬೆಚ್ಚಗಿರುತ್ತದೆ.

ಮೇಯಲು ಎದ್ದಾಗಲೂ ಗೊತ್ತಾಗುತ್ತದೆ. ಮಾಮೂಲಿ ಕೂಗು ಹೋಗಿ 'ಕ್ಲಕ್ ಕ್ಲಕ್' ಅನ್ನುತ್ತಾ, ಮೈ ಉಬ್ಬಿಸಿಕೊಂಡು ಅವಸರದಲ್ಲಿ ಓಡಾಡುತ್ತದೆ. ಹಿಕ್ಕೆ ದೊಡ್ಡ ಉಂಡೆಯಾಗಿ, ವಿಪರೀತ ನಾತ. ದಿನಕ್ಕೆ ಒಂದೆರಡು ಸಲ ಮಾತ್ರ ಏಳುವುದರಿಂದ ಹಾಗೆ, ರೋಗವಲ್ಲ.

ಹೀಗೆ ಎರಡು ಮೂರು ರಾತ್ರಿ ಬಿಡದೆ ಕೂತರೆ ಒಳ್ಳೆಯ ಮೊಟ್ಟೆ ಕೊಡಬಹುದು. ಅದಕ್ಕೆ ಮುಂಚೆ ಕೊಟ್ಟು ಮೊಟ್ಟೆ ಹಾಳು ಮಾಡಿಕೊಳ್ಳಬೇಡಿ.

ಮೊಟ್ಟೆ ಆರಿಸುವುದು

ಹುಂಜ ಇಲ್ಲದ ಮನೆಯ ಮೊಟ್ಟೆ ಎಷ್ಟು ಕಾವು ಕೊಟ್ಟರೂ ಮರಿಯಾಗುವುದಿಲ್ಲ. ಪೇಟೆಯ ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆಯೂ ಅಷ್ಟೆ, ಅಲ್ಲಿ ಹುಂಜ ಇರುವುದಿಲ್ಲ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಒಮ್ಮೆ ಕೂಡಿದರೆ ಹ್ಯಾಟೆಯ ಮೈಯಲ್ಲಿ ವೀರ್ಯ ಉಳಿದುಕೊಂಡು ಒಂದೆರಡು ವಾರ ಮರಿಯಾಗುವ ಮೊಟ್ಟೆ ಬರುತ್ತಿರುತ್ತದೆ.

ಅನುಮಾನ ಇದ್ದರೆ ಅಡುಗೆಗೆ ಒಡೆದ ಮೊಟ್ಟೆಯ ಹಳದಿಯನ್ನು ಗಮನಿಸಿ. ಅದರ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಚುಕ್ಕೆಯ ಸುತ್ತ ಬಳೆಯಂತೆ ಉಂಗುರ ಕಂಡರೆ ಅದು ಮರಿಯಾಗುವ ಮೊಟ್ಟೆ. ಉಂಗುರ ಇಲ್ಲದೆ ಬರೀ ಅಂಕುಡೊಂಕಾದ ಬಿಳಿ ಕಲೆಯಾದರೆ ಅಲ್ಲ.

ಕಾವಿಗೆ ಇಡುವ ಮೊಟ್ಟೆ ವಾರಕ್ಕಿಂತ ಹಳೆಯದಾಗಿರಬಾರದು. ಆಮೇಲೆ ದಿನದಿಂದ ದಿನಕ್ಕೆ ಮರಿಯಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ಮಧ್ಯಮ ಗಾತ್ರ, ಬಿರುಕಿಲ್ಲದ ಗಟ್ಟಿ ಚಿಪ್ಪು ನೋಡಿ. ಮೊಟ್ಟೆಯನ್ನು ತೊಳೆಯಬೇಡಿ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ, ಅವನ್ನು ಮುಚ್ಚಿ ರೋಗಾಣು ತಡೆಯುವ ಒಂದು ತೆಳು ಪೊರೆ ಹೊರಗಿದೆ. ತೊಳೆದರೆ ಅದು ಹೋಗುತ್ತದೆ. ಕೊಳಕಾದ ಮೊಟ್ಟೆಯನ್ನು ಅಡುಗೆಗೆ ಬಳಸಿ, ಕಾವಿಗೆ ಬೇಡ.

ಕೂಡಿಡುವಾಗ ಚೂಪು ತುದಿ ಕೆಳಗಿರಲಿ. ಅಗಲ ತುದಿಯಲ್ಲಿ ಗಾಳಿಯ ಪುಟ್ಟ ಕೋಣೆ ಇದೆ, ಮರಿಯ ಮೊದಲ ಉಸಿರು ಅಲ್ಲಿಂದಲೇ. ಫ್ರಿಜ್ಜಿನಲ್ಲಿ ಇಡಬೇಡಿ, ಅಷ್ಟು ಚಳಿಗೆ ಒಳಗಿನ ಜೀವ ಸಾಯುತ್ತದೆ. ಹಾಗಂತ ಬೇಸಿಗೆಯಲ್ಲಿ ಹಂಚಿನ ಮನೆಯ ಕಪಾಟೂ ಆಗದು. ಆ ಸೆಕೆಗೆ ಅರೆಬರೆ ಬೆಳೆಯಲು ಶುರುವಾಗಿ ನಡುವೆ ನಿಂತುಹೋಗುತ್ತದೆ. ಒಂದು ಮಡಕೆಗೆ ಅರ್ಧ ಹಸಿ ಮರಳು ಹಾಕಿ, ಮೇಲೆ ಒಣ ಬಟ್ಟೆಯೋ ಹುಲ್ಲೋ ಹಾಸಿ, ಅದರಲ್ಲಿ ಮೊಟ್ಟೆ ಇಟ್ಟು ನೆರಳಿನಲ್ಲಿಡಿ. ಕುಡಿಯುವ ನೀರು ತಣ್ಣಗಾಗುವ ಹಾಗೆಯೇ ಮೊಟ್ಟೆಯೂ ತಣ್ಣಗಿರುತ್ತದೆ.

ಕೂರಿಸುವ ರಾತ್ರಿ

ಕೂರಿಸುವ ಮುಂಚೆ ಕೋಳಿಯ ರೆಕ್ಕೆ ಎತ್ತಿ, ಬಾಲದ ಬುಡ ಬಿಡಿಸಿ ಹೇನು ನೋಡಿ. ಕಾವು ಕೂತ ಕೋಳಿ ದೂಳುಸ್ನಾನ ಮಾಡುವುದು ಕಡಿಮೆ, ಹೇನು ನುಸಿಗೆ ಹಬ್ಬ. ಕಡಿತ ತಾಳದೆ ಎಷ್ಟೋ ಹ್ಯಾಟೆಗಳು ಹದಿನೈದನೇ ದಿನಕ್ಕೆ ಗೂಡು ಬಿಟ್ಟು ಎದ್ದುಬಿಡುತ್ತವೆ. ಜರಡಿ ಹಿಡಿದ ಒಲೆಬೂದಿಯನ್ನು ಪುಕ್ಕದ ಬುಡಕ್ಕೆ ತಾಗುವಂತೆ ಉದುರಿಸುವುದು ಹಳೆಯ ರೂಢಿ. ಹೇನು ಜಾಸ್ತಿ ಇದ್ದರೆ ಪಶುವೈದ್ಯರನ್ನು ಕೇಳಿ ಪುಡಿ ಹಾಕಿ. ಹೊಲದ ಕೀಟನಾಶಕ ಮಾತ್ರ ಬೇಡವೇ ಬೇಡ.

ನಮ್ಮ ಮನೆಯ ಕೆಂಚು ಹ್ಯಾಟೆಯನ್ನು ಮೊದಲ ಸಲ ಕೂರಿಸಿದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿಕೊಂಡು ಹೋಗಿದ್ದೆ. ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಒಂದೊಂದೇ ಮೊಟ್ಟೆಯನ್ನು ಅಂಗೈಯಲ್ಲಿಟ್ಟು ಎದೆಯ ಕೆಳಗೆ ಜಾರಿಸಿದೆ. ಮೊದಲೆರಡು ಸಲ ಕುಕ್ಕಿತು. ಮೂರನೇ ಮೊಟ್ಟೆಯಿಂದ ಕುಕ್ಕುವುದು ಬಿಟ್ಟು, ಕೊಕ್ಕಿನ ಕೆಳಭಾಗದಿಂದ ತಾನೇ ಅದನ್ನು ಒಳಗೆಳೆದುಕೊಳ್ಳತೊಡಗಿತು. ಹನ್ನೊಂದನೆಯದು ಒಳಗೆ ಹೋದ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೈ ಅಲ್ಲಾಡಿಸಿ, ಉಸಿರು ಬಿಟ್ಟ ಹಾಗೆ ಕೆಳಗೆ ಇಳಿದು ಕೂತಿತು. ಅಷ್ಟು ಹೊತ್ತಿಗೆ ಒಂದೂ ಮೊಟ್ಟೆ ಹೊರಗೆ ಕಾಣುತ್ತಿರಲಿಲ್ಲ.

ಎಷ್ಟು ಮೊಟ್ಟೆ ಅನ್ನುವುದಕ್ಕೆ ಅಳತೆ ಅದೇ. ಒಂದೂ ಹೊರಗೆ ಕಾಣಬಾರದು. ಮಾಮೂಲಿ ನಾಟಿ ಹ್ಯಾಟೆಗೆ ಹತ್ತು ಹನ್ನೆರಡು ಸಾಕು. ಗಿರಿರಾಜದಂಥ ದೊಡ್ಡ ಮೊಟ್ಟೆಯಾದರೆ ಎಂಟು. ಆಸೆಗೆ ಬಿದ್ದು ಹದಿನೆಂಟು ಇಟ್ಟರೆ, ಕೋಳಿ ತಿರುಗಿಸುವಾಗ ದಿನಾ ಬೇರೆ ಬೇರೆ ಮೊಟ್ಟೆ ಅಂಚಿಗೆ ಬಂದು ತಣ್ಣಗಾಗಿ, ಎಲ್ಲವೂ ಸರದಿಯಲ್ಲಿ ಕೆಡುತ್ತವೆ. ಎಲ್ಲ ಮೊಟ್ಟೆಯನ್ನೂ ಒಂದೇ ರಾತ್ರಿ ಇಡಿ. ಜಾಗ ಬದಲಿಸುವುದಿದ್ದರೂ ರಾತ್ರಿಯೇ ಬದಲಿಸಿ.

ಆ 21 ದಿನ

ಈಗ ನಿಮ್ಮ ಕೆಲಸ ಕಡಿಮೆ, ಕೋಳಿಯ ಕೆಲಸ ಜಾಸ್ತಿ. ಅದು ದಿನಕ್ಕೆ ಎಷ್ಟೋ ಸಲ ಮೊಟ್ಟೆ ತಿರುಗಿಸುತ್ತದೆ. ಹಾಲು ಕಾಯಿಸುವಾಗ ಸೌಟಾಡಿಸದಿದ್ದರೆ ತಳ ಹಿಡಿಯುತ್ತದೆ ಅಲ್ವಾ, ಹಾಗೆ ತಿರುಗಿಸದ ಮೊಟ್ಟೆಯಲ್ಲಿ ಭ್ರೂಣ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ.

ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಕೋಳಿ ಎದ್ದು ಹೋಗಿ ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಬರುತ್ತದೆ. ಅಷ್ಟರಲ್ಲಿ ಮೊಟ್ಟೆ ತಣ್ಣಗಾದೀತು ಅಂತ ಹೆದರಬೇಡಿ, ಏನೂ ಆಗುವುದಿಲ್ಲ. ಏಳದೇ ಇದ್ದರೆ ಮಾತ್ರ ಸಂಜೆ ಒಮ್ಮೆ ಮೆಲ್ಲಗೆ ಎತ್ತಿ ಹೊರಗೆ ಬಿಡಿ. ಎತ್ತುವಾಗ ರೆಕ್ಕೆಯ ಸಂದಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿದೆಯಾ ನೋಡಿ. ಮೆಕ್ಕೆಜೋಳ, ಜೋಳದಂಥ ಇಡೀ ಕಾಳು ಒಳ್ಳೆಯದು, ಹಿಕ್ಕೆ ಗಟ್ಟಿಯಾಗಿರುತ್ತದೆ. ನೀರು ಯಾವಾಗಲೂ ಹತ್ತಿರದಲ್ಲಿರಲಿ.

ಉಳಿದ ಹ್ಯಾಟೆಗಳು ಇದೇ ಗೂಡಿಗೆ ಬಂದು ಮೊಟ್ಟೆ ಇಡುವುದು ದೊಡ್ಡ ಕಾಟ. ಹೊಸ ಮೊಟ್ಟೆಯ ಗಡಿಯಾರ ಹಿಂದಿರುತ್ತದೆ, ಹಳೆಯದು ಮರಿಯಾದಾಗ ಇದು ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಕಾವಿನ ಕೋಳಿಯನ್ನು ಬೇರೆ ಮಾಡಿ. ಆಗದಿದ್ದರೆ ಇಟ್ಟ ಮೊಟ್ಟೆಗಳಿಗೆಲ್ಲ ಪೆನ್ಸಿಲ್ ಗುರುತು ಹಾಕಿ, ಗುರುತಿಲ್ಲದ್ದನ್ನು ದಿನಾ ಸಂಜೆ ತೆಗೆಯಿರಿ. ಇರುವೆ ಬಾರದಂತೆ ಮಂಕರಿ ಇಟ್ಟ ಹಲಗೆಯ ಕಾಲಿಗೆ ನೀರಿನ ಬಟ್ಟಲು ಇಡಿ. ಇಲಿ, ಮುಂಗುಸಿ, ಹಾವು ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಇರಲಿ.

ಏಳನೇ ರಾತ್ರಿ ಬೆಳಕಿಗೆ ಹಿಡಿದು ನೋಡಿ

ಎಲ್ಲ ದೀಪ ಆರಿಸಿ. ಟಾರ್ಚಿನ ಬಾಯಿಗೆ ಕೈಬೆರಳು ಸುತ್ತಿ, ಅದರ ಮೇಲೆ ಮೊಟ್ಟೆಯ ಅಗಲ ತುದಿ ಕೂರಿಸಿ. ಮರಿ ಬೆಳೆಯುತ್ತಿದ್ದರೆ ಕೆಂಪು ದಾರಗಳು ಜೇಡರ ಬಲೆಯ ಹಾಗೆ ಹರಡಿರುತ್ತವೆ. ನಡುವೆ ಒಂದು ಕಪ್ಪು ಚುಕ್ಕೆ, ಮರಿಯ ಕಣ್ಣು. ಒಂದು ಗಳಿಗೆ ಸುಮ್ನೆ ಹಿಡಿದರೆ ಆ ಚುಕ್ಕೆ ತಟ್ಟನೆ ಅಲುಗುತ್ತದೆ. ಮಕ್ಕಳಿಗೆ ಇದನ್ನು ಖಂಡಿತ ತೋರಿಸಿ.

ಏನೂ ಇಲ್ಲದೆ ಮೊಟ್ಟೆ ತಿಳಿಯಾಗಿ ಕಂಡರೆ ಅದು ಬೆಳೆಯುತ್ತಿಲ್ಲ. ಕೆಂಪು ದಾರದ ಬದಲು ಒಂದೇ ಒಂದು ರಕ್ತದ ಉಂಗುರ ಕಂಡರೆ ಬೆಳೆಯಲು ಶುರುವಾಗಿ ಸತ್ತಿದೆ. ಎರಡನ್ನೂ ತೆಗೆಯಿರಿ. ಕೊಳೆತ ಮೊಟ್ಟೆ ಗೂಡಿನಲ್ಲೇ ಒಡೆದರೆ ಉಳಿದವಕ್ಕೂ ಅಪಾಯ. ಕಂದು ಚಿಪ್ಪಿನಲ್ಲಿ ಸ್ಪಷ್ಟವಾಗಿ ಕಾಣದಿದ್ದರೆ ಅವಸರ ಮಾಡದೆ ಹತ್ತನೇ ದಿನ ಮತ್ತೆ ನೋಡಿ. ಹದಿನಾಲ್ಕನೇ ದಿನಕ್ಕೆ ಗಾಳಿಯ ಕೋಣೆ ಬಿಟ್ಟು ಬಹುಪಾಲು ಕಪ್ಪಾಗಿ ಕಾಣುತ್ತದೆ.

ಕೊನೆಯ ಮೂರು ದಿನ ಕೈ ಹಾಕಬೇಡಿ

ಹದಿನೆಂಟನೇ ದಿನದಿಂದ ಗೂಡನ್ನು ಅದರ ಪಾಡಿಗೆ ಬಿಡಿ. ಮರಿ ಒಳಗೆ ತಿರುಗಿಕೊಂಡು, ತಲೆಯನ್ನು ಅಗಲ ತುದಿಯ ಕಡೆ ಮಾಡಿ, ಮೊದಲು ಗಾಳಿಯ ಕೋಣೆಗೆ ಕೊಕ್ಕು ತೂರಿಸುತ್ತದೆ. ಅಲ್ಲಿಂದ ಶ್ವಾಸಕೋಶದಲ್ಲಿ ಉಸಿರಾಟ ಶುರು. ಒಳಗಿಂದಲೇ 'ಚಿಂವ್' ಅನ್ನುವುದು ಕೇಳುತ್ತದೆ, ತಾಯಿ ಹೊರಗಿಂದ ಮೆಲ್ಲಗೆ ಕೊರ್ ಕೊರ್ ಅನ್ನುತ್ತದೆ. ಕೊಕ್ಕಿನ ತುದಿಯಲ್ಲಿ ಒಂದು ಪುಟ್ಟ ಗಟ್ಟಿ ಮೊನೆ ಇರುತ್ತದೆ. ಅದರಿಂದ ಚಿಪ್ಪನ್ನು ಕುಟ್ಟಿ ತೂತು ಮಾಡುತ್ತದೆ. ಹುಟ್ಟಿದ ಕೆಲವು ದಿನಕ್ಕೆ ಆ ಮೊನೆ ಉದುರಿಹೋಗುತ್ತದೆ.

ಮೊದಲ ತೂತು ಬಿದ್ದ ಮೇಲೆ ಹನ್ನೆರಡು ತಾಸು, ಕೆಲವು ಸಲ ಇಡೀ ದಿನ ಏನೂ ಆಗದೆ ಇರಬಹುದು. ಈ ಹೊತ್ತಿನಲ್ಲೇ ಜನ ಪಾಪ ಅಂತ ಚಿಪ್ಪು ಬಿಡಿಸಲು ಹೋಗುವುದು. ದಯವಿಟ್ಟು ಬೇಡ. ಮರಿ ಆಗ ಪೊರೆಯಲ್ಲಿ ಉಳಿದ ರಕ್ತವನ್ನೂ ಹಳದಿಯನ್ನೂ ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ನಾವು ಬಿಡಿಸಿದರೆ ರಕ್ತ ಸುರಿದು ಸಾಯಬಹುದು.

ಎಲ್ಲ ಮರಿ ಒಂದೇ ಗಳಿಗೆಗೆ ಬರುವುದಿಲ್ಲ, ಒಂದು ದಿನದ ಅಂತರ ಇರುತ್ತದೆ. ಮೊದಲು ಬಂದವಕ್ಕೆ ಹಸಿವಾಗುವುದಿಲ್ಲವೇ? ಎಳೆದುಕೊಂಡ ಹಳದಿ ಎರಡು ದಿನಕ್ಕೆ ಸಾಕಾಗುವ ಬುತ್ತಿ. ಹಾಗಾಗಿ ತಾಯಿ ಉಳಿದವಕ್ಕೂ ಕಾಯಬಲ್ಲದು.

ಗುಡುಗು, ಕಬ್ಬಿಣ, ಬೆಸ ಸಂಖ್ಯೆ

ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಮಂಕರಿಯಲ್ಲಿ ಕಬ್ಬಿಣದ ತುಂಡು, ಇದ್ದಿಲು, ಒಣಮೆಣಸಿನಕಾಯಿ ಇಡುವ ಮನೆಗಳು ಇವತ್ತಿಗೂ ಇವೆ. ಮೊಟ್ಟೆಯನ್ನು ಬೆಸ ಸಂಖ್ಯೆಯಲ್ಲೇ ಇಡುವವರೂ ಇದ್ದಾರೆ. ಗುಡುಗಿನ ಶಬ್ದಕ್ಕೆ ಮೊಟ್ಟೆಯೊಳಗಿನ ಮರಿ ಸಾಯುವುದಿಲ್ಲ. ಆದರೆ ಮುಂಗಾರಿಗೆ ಮುಂಚಿನ ಗುಡುಗು ಬರುವುದು ಕಡುಬೇಸಿಗೆಯಲ್ಲಿ. ಆ ಸೆಕೆಗೆ ಕೂಡಿಟ್ಟ ಮೊಟ್ಟೆ ಮೊದಲೇ ಕೆಟ್ಟಿರುತ್ತದೆ. ಮಳೆ ಹನಿ ಬಿದ್ದು ಗೂಡು ಒದ್ದೆಯಾಗುವುದೂ ಉಂಟು. ಅಪವಾದ ಮಾತ್ರ ಗುಡುಗಿನ ಮೇಲೆ. ಕಬ್ಬಿಣ ಇಡುವುದರಿಂದ ನಷ್ಟವಿಲ್ಲ, ಇಡುವವರು ಇಡಲಿ. ಜೊತೆಗೆ ಸೂರು ಸೋರುತ್ತಿದೆಯಾ ಅಂತಲೂ ನೋಡಲಿ.

ಮರಿ ಬಂದ ಮೇಲೆ

ನಾಟಿ ಕೋಳಿಯಲ್ಲಿ ಮರಿ ಆಗುವುದು ಸುಲಭ, ಉಳಿಯುವುದು ಕಷ್ಟ. ಮೊದಲ ಎರಡು ವಾರ ಮರಿಗಳಿಗೆ ತಮ್ಮ ಮೈಬಿಸಿ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ತಾಯಿಯ ರೆಕ್ಕೆಯೇ ಅವಕ್ಕೆ ಒಲೆ. ಬೆಳಗಿನ ಇಬ್ಬನಿಗೆ, ಮಳೆಗೆ ಹೊರಗೆ ಬಿಡಬೇಡಿ. ಕಾಗೆ, ಹದ್ದು, ಬೆಕ್ಕಿನಿಂದ ಉಳಿಸಲು ತಾಯಿ ಮರಿಗಳ ಮೇಲೆ ಬಿದಿರಿನ ಪಂಜರ ಕವುಚಿ. ನೀರನ್ನು ಅಗಲ ತಟ್ಟೆಯಲ್ಲಿ, ನಾಲ್ಕು ಬೆಣಚುಕಲ್ಲು ಹಾಕಿ ಕೊಡಿ. ಲೋಟದಷ್ಟು ಆಳದ ನೀರಿನಲ್ಲೂ ಮರಿ ಮುಳುಗಿ ಸಾಯುತ್ತದೆ.

ನುಚ್ಚಕ್ಕಿ, ರಾಗಿ ಹೊಟ್ಟೆ ತುಂಬಿಸುತ್ತವೆ, ಆದರೆ ಮೈ ಬೆಳೆಯಲು ಪ್ರೋಟೀನು ಬೇಕು. ಮರಿಗಳಿಗೆಂದೇ ಮಾಡಿದ ಸ್ಟಾರ್ಟರ್ ಫೀಡನ್ನು ಮೊದಲ ತಿಂಗಳಾದರೂ ಕೊಡಿ. ಹಳ್ಳಿಯಲ್ಲಿ ಗೆದ್ದಲು ಹಿಡಿದ ಕಟ್ಟಿಗೆಯನ್ನು ಮರಿಗಳ ಮುಂದೆ ಕೊಡವುತ್ತಿದ್ದುದೂ ಇದೇ ಕಾರಣಕ್ಕೆ.

ಇನ್ನೊಂದು, ಲಸಿಕೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಒಂದೇ ವಾರದಲ್ಲಿ ಹಿತ್ತಲು ಖಾಲಿ. ಅದಕ್ಕೆ ಔಷಧ ಇಲ್ಲ, ಲಸಿಕೆ ಮಾತ್ರ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕುತ್ತಾರೆ, ಆಮೇಲೆ ಮತ್ತೆ ಕೊಡಿಸಬೇಕು. ತೊಂದರೆ ಏನೆಂದರೆ ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಒಡೆದ ಮೇಲೆ ಕೆಲವೇ ತಾಸಿನಲ್ಲಿ ಮುಗಿಸಬೇಕು. ಅದಕ್ಕೇ ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ವಾರ ಕೋಳಿ ಕೂರಿಸಿದರೆ, ಒಂದೇ ದಿನ ಎಲ್ಲ ಮರಿಗೂ ಲಸಿಕೆ ಹಾಕಿಸಬಹುದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಡಿ.

ಮರಿ ಬೇಡ, ಕೋಳಿ ಏಳುತ್ತಿಲ್ಲ ಅಂದರೆ?

ಇದೂ ಆಗುತ್ತದೆ. ಮೊಟ್ಟೆ ಇಲ್ಲದಿದ್ದರೂ ಬರೀ ಹುಲ್ಲಿನ ಮೇಲೆ ವಾರಗಟ್ಟಲೆ ಕೂರುವ ಹ್ಯಾಟೆಗಳಿವೆ. ನೀರಿನಲ್ಲಿ ಮುಳುಗಿಸುವುದು, ಮೂಗಿನ ಹೊಳ್ಳೆಗೆ ಪುಕ್ಕ ಚುಚ್ಚುವುದು ಹಳೆಯ ಉಪಾಯಗಳು. ಎರಡೂ ಕೋಳಿಗೆ ಹಿಂಸೆ, ಬಿಟ್ಟುಬಿಡಿ. ಕೆಳಗಿನಿಂದ ಗಾಳಿ ಆಡುವ ಜಾಲರಿ ತಳದ ಪಂಜರದಲ್ಲಿ, ಹುಲ್ಲು ಹಾಸದೆ, ಬೆಳಕಿರುವ ಕಡೆ ಮೂರು ನಾಲ್ಕು ದಿನ ಇಡಿ. ಮೇವು ನೀರು ಧಾರಾಳ ಕೊಡಿ. ಹೊಟ್ಟೆಯ ಕೆಳಗೆ ಬೆಚ್ಚಗಿನ ಗೂಡು ಇಲ್ಲ, ತಾಗುವ ಮೊಟ್ಟೆ ಇಲ್ಲ ಅಂದಾಗ ಪ್ರೊಲ್ಯಾಕ್ಟಿನ್ ತಾನಾಗಿ ಇಳಿಯುತ್ತದೆ.

ಮರಿ ಮಾಡಿದ ಹ್ಯಾಟೆಗೆ ಈ ಯಾವುದೂ ಬೇಡ. ಆರು ಎಂಟು ವಾರ ಮರಿಗಳನ್ನು ಹಿಂದೆ ಕಟ್ಟಿಕೊಂಡು ತಿಪ್ಪೆ ಕೆದಕುತ್ತದೆ. ಹುಳ ಸಿಕ್ಕರೆ ತಾನು ತಿನ್ನದೆ ಕೊಕ್ಕಿನಲ್ಲಿ ಎತ್ತಿ ಎತ್ತಿ ಬಿಟ್ಟು ಕರೆಯುತ್ತದೆ. ಒಂದು ಬೆಳಿಗ್ಗೆ, ಹತ್ತಿರ ಬಂದ ಮರಿ ತಲೆಗೆ ತಾನೇ ಕುಕ್ಕಿ ದೂರ ಓಡಿಸುತ್ತದೆ. ಕೆಂಪು ಕಳೆದುಕೊಂಡಿದ್ದ ಜುಟ್ಟು ಮತ್ತೆ ಕೆಂಪಾಗಿರುತ್ತದೆ. ಅವತ್ತೇ ಮಂಕರಿಯ ಹಳೆಯ ಹುಲ್ಲು ಸುಟ್ಟು, ಮಣ್ಣು ಬದಲಿಸಿ, ಹೊಸ ಹುಲ್ಲು ಹಾಸಿಡಿ. ಇನ್ನೊಂದೆರಡು ವಾರದಲ್ಲಿ ಅದು ಅದೇ ಮೂಲೆಗೆ ಬಂದು ಇಣುಕುತ್ತದೆ.